ಉಣ್ಣುವವನೇ ಕಾಯುವವನು

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಪೂಜ್ಯರು ಕಲ್ಲೋಳಿಯಲ್ಲಿ ದಯಪಾಲಿಸಿದ ಆಶೀರ್ವಚನ. ಧ್ವನಿಮುದ್ರಣದಿಂದ ಬರೆದುಕೊಂಡದ್ದು.)



ನಿನ್ನೆ ಪ್ರವಚನ ಮುಗಿದು ಮಂಗಲವಾದ ಮೇಲೆ ಈ ಊರಿನ ಹಿರಿಯ ರೈತರೊಬ್ಬರು ನಮ್ಮ ಹತ್ತಿರ ಬಂದು ಕುಳಿತರು. ಮಾಘ ಮಾಸದ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೋಗಿಬರುವ ಮನೆತನ ಅವರದು. ಅವರು ಕೇಳಿದರು: "ಅಪ್ಪಾರ, ನಮ್ಮ ಅಜ್ಜನ ಕಾಲಕ್ಕ ಉಳವಿ ದಾರ್ಯಾಗ ಬಿದರಿನ ಮೆಳಿ ಕತ್ತಲಿಗಟ್ಟಿ ಇದ್ದೂವಂತ. ನಮ್ಮ ಕಣ್ಮುಂದನ ಎಷ್ಟೋ ಹೋದೂವು. ಈಗ ಅಲ್ಲಲ್ಲಿ ಗೇಟ ಹಾಕ್ಯಾರ, ಪಾರೇಸ್ಟಿನವ್ರು ನಿಂತಾರ. ಕಾಡು ಉಳೀಬೇಕಾದ್ರ ಮನಷ್ಯಾ ಅದನ್ನ ಮುಟ್ಟಬಾರದೇನ್ರಿ? ಇಲ್ಲಾ ಮುಟ್ಟಿ ಉಳಸೂ ದಾರೀನೂ ಐತೇನ್ರಿ?"

ಪ್ರಶ್ನೆ ಸಣ್ಣದಲ್ಲ. ರಾತ್ರಿ ಅದನ್ನೇ ಯೋಚಿಸಿದೆವು. ಇಂದು ಹೇಳಬೇಕೆಂದಿದ್ದ ವಿಷಯವನ್ನು ನಾಳೆಗೆ ಇಟ್ಟು, ಆ ಹಿರಿಯರಿಗೆ ಉತ್ತರ ಕೊಡುವ ನೆವದಿಂದ ನಮ್ಮೆಲ್ಲರಿಗೂ ಬೇಕಾದ ನಾಲ್ಕು ಮಾತುಗಳನ್ನು ಆಡುತ್ತೇವೆ.

ನಾವು ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದಾಗ ಗುರುಗಳು ಧಾತುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅದರಲ್ಲಿ ಭುಜ್ ಎಂಬುದೊಂದು ಧಾತು. ಭೋಜನ, ಭೋಗ, ಭೋಕ್ತಾ ಈ ಶಬ್ದಗಳೆಲ್ಲ ಅದರಿಂದಲೇ ಬಂದವು. ಈ ಒಂದೇ ಧಾತುವಿಗೆ ಹಿಂದಿನವರು ಎರಡು ಅರ್ಥ ಹೇಳಿದ್ದಾರೆ: ಪಾಲಿಸುವುದು ಒಂದು, ಉಣ್ಣುವುದು ಇನ್ನೊಂದು. ಅರಸನು ಭೂಮಿಯನ್ನು ಕಾಯುತ್ತಾನೆ ಎನ್ನುವಾಗ ಭುನಕ್ತಿ ಎನ್ನಬೇಕು. ಮನುಷ್ಯನು ಅನ್ನ ಉಣ್ಣುತ್ತಾನೆ ಎನ್ನುವಾಗ ಭುಂಕ್ತೇ ಎನ್ನಬೇಕು. ರೂಪ ಬೇರೆ, ಬೇರು ಒಂದೇ. ನಾವು ಗುರುಗಳನ್ನು ಕೇಳಿದೆವು: "ಉಣ್ಣುವುದಕ್ಕೂ ಕಾಯುವುದಕ್ಕೂ ಏನು ಸಂಬಂಧ? ಉಂಡರೆ ವಸ್ತು ತೀರಿಹೋಗುತ್ತದೆ, ಕಾದರೆ ಉಳಿಯುತ್ತದೆ." ಗುರುಗಳು ನಕ್ಕು, "ಹೊಲ ಮಾಡಿದವರ ಮಗ ನೀನು. ನಿನ್ನ ಅಪ್ಪನನ್ನು ಕೇಳು" ಎಂದರು.

ಅಪ್ಪನನ್ನು ಕೇಳುವ ಅಗತ್ಯ ಬೀಳಲಿಲ್ಲ. ಸುಗ್ಗಿಯ ಕಾಲದಲ್ಲಿ ಅಟ್ಟದ ಮೇಲೆ ಕುಳಿತು ಕವಣೆ ಹಿಡಿದು ರಾತ್ರಿಯೆಲ್ಲ ಜೋಳ ಕಾಯುವವನು ಯಾರು? ಆ ಜೋಳ ಯಾರ ಮನೆಯ ರೊಟ್ಟಿಯಾಗುತ್ತದೆಯೋ ಅವನೇ. ಸಂಬಳದ ಆಳು ಎರಡನೆಯ ಜಾವಕ್ಕೆ ನಿದ್ರೆ ಹೋಗುತ್ತಾನೆ. ಉಣ್ಣುವವನಿಗೆ ನಿದ್ರೆ ಬರುವುದಿಲ್ಲ. ಆ ಧಾತುವಿನಲ್ಲಿ ಅಡಗಿದ್ದ ಮರ್ಮ ಇದು. ಉಣ್ಣುವ ಹಕ್ಕು ಯಾರಿಗಿದೆಯೋ ಅವನಲ್ಲಿ ಕಾಯುವ ಎಚ್ಚರ ಹುಟ್ಟುತ್ತದೆ. ಕಾಯದೆ ಬರಿದೆ ಉಂಡರೆ ಅವನು ಕಳ್ಳ. ಉಣಗೊಡದೆ ಬರಿದೆ ಕಾಯಿಸಿದರೆ ಅದು ಬಿಟ್ಟಿ. ಈ ಎರಡರ ನಡುವೆ ಧರ್ಮದ ದಾರಿ ಇದೆ.

"ಕಾಡಿನ ಮಾತು ಕಲ್ಲೋಳಿಯವರಿಗೆ ಯಾತಕ್ಕೆ? ನಮ್ಮದು ಕಬ್ಬಿನ ನಾಡು, ಗೋವಿನಜೋಳದ ನಾಡು" ಎಂದು ನೀವು ಅಂದುಕೊಳ್ಳಬಹುದು. ನಿಮ್ಮ ಕಬ್ಬಿಗೆ ನೀರು ಎಲ್ಲಿಂದ ಬರುತ್ತದೆ? ಘಟಪ್ರಭೆ ಸಹ್ಯಾದ್ರಿಯ ಕಾಡಿನಲ್ಲಿ ಹುಟ್ಟಿದವಳು. ಹಿರಣ್ಯಕೇಶಿ ಅಂಬೋಲಿಯ ಕಡೆಯಿಂದ ಇಳಿದು ಅವಳನ್ನು ಕೂಡುತ್ತಾಳೆ. ಹಿಡಕಲ್ ಜಲಾಶಯದಲ್ಲಿ 51 ಟಿ.ಎಂ.ಸಿ. ನೀರು ನಿಲ್ಲುತ್ತದೆಂದು ನಾವು ಹೆಮ್ಮೆಪಡುತ್ತೇವೆ. ಆ ಜಲಾಶಯಕ್ಕಿಂತ ಮೊದಲು ಮಳೆಯನ್ನು ಹಿಡಿದು, ಸಾವಕಾಶವಾಗಿ ಹಳ್ಳಕ್ಕೆ ಬಿಡುವ ಇನ್ನೊಂದು ಜಲಾಶಯವಿದೆ. ಅದು ಕಾಡಿನ ಮಣ್ಣು. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದ್ದನ್ನು ನೀವೆಲ್ಲ ಕಂಡಿದ್ದೀರಿ. ಅಂಥ ಮಳೆಗೆ ಕಾಡೊಂದೇ ತಡೆ ಎಂದು ನಾವು ಹೇಳುವುದಿಲ್ಲ. ಆದರೆ ಬೋಳುಗುಡ್ಡಕ್ಕೆ ಬಿದ್ದ ಮಳೆ ಒಂದೇ ತಾಸಿನಲ್ಲಿ ಮಣ್ಣು ಸಮೇತ ಕೆಳಗೆ ಬರುತ್ತದೆ ಎಂಬುದನ್ನು ಒಕ್ಕಲುತನ ಮಾಡಿದವರಿಗೆ ನಾವು ಕಲಿಸಬೇಕೆ?

ನಮಗೆ ಕಾಡಿನ ಋಣ ಇನ್ನೊಂದೂ ಇದೆ. ಕಲ್ಯಾಣದ ಕ್ರಾಂತಿಯ ನಂತರ ಶರಣರು ಚೆನ್ನಬಸವಣ್ಣನವರ ಸಂಗಡ ಎಲ್ಲಿಗೆ ಹೋದರು? ಉಳವಿಯ ಕಾಡಿಗೆ. ವಚನದ ಕಟ್ಟುಗಳನ್ನು ಹೊತ್ತುಕೊಂಡು ಹೋದರೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಊರು ಅಟ್ಟಿದವರನ್ನು ಅಡವಿ ಅಪ್ಪಿಕೊಂಡಿತು. ಆ ಸೀಮೆಯ ಕಾಡನ್ನೇ ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆಯುತ್ತಾರೆ.

ಈಗ ಶರಣರ ಒಂದು ಕಥೆ. ನಿಮಗೆಲ್ಲ ಗೊತ್ತಿರುವುದೇ; ಆದರೆ ಇವತ್ತು ಕಾಡನ್ನು ಕಣ್ಣ ಮುಂದೆ ಇಟ್ಟುಕೊಂಡು ಕೇಳಿರಿ.

ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾಡುತ್ತಿದ್ದರು. ಲಕ್ಕಮ್ಮನವರು ಅದನ್ನು ಅಡುಗೆ ಮಾಡಿ ಜಂಗಮಕ್ಕೆ ನೀಡಿ, ಉಳಿದದ್ದನ್ನು ಪ್ರಸಾದವೆಂದು ಸ್ವೀಕರಿಸುತ್ತಿದ್ದರು. ಒಂದು ದಿನ ಅಂಗಳದಲ್ಲಿ ಅಕ್ಕಿ ಹೆಚ್ಚು ಬಿದ್ದಿತ್ತು. ಮಾರಯ್ಯನವರು ಸಂತೋಷದಿಂದ ಎಲ್ಲವನ್ನೂ ಆಯ್ದು ತಂದರು. ಲಕ್ಕಮ್ಮನವರು ಗಂಟು ನೋಡಿದ ಕೂಡಲೇ ಕೈಯಿಂದ ತೂಗಿ ತಿಳಿದರು. ಇದು ದಿನದ ಅಕ್ಕಿಯಲ್ಲ, ಹೆಚ್ಚಿನದು ನಮ್ಮದಲ್ಲ, ತಿರುಗಿ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಕಳಿಸಿದರು.

ವಿಚಾರ ಮಾಡಿರಿ. ಚೆಲ್ಲಿದ ಅಕ್ಕಿ, ಯಾರೂ ಬೇಡವೆಂದವರಿಲ್ಲ. ಕಳ್ಳತನವೂ ಅಲ್ಲ. ಆದರೂ ಆ ತಾಯಿ ಯಾಕೆ ಹಿಂದೆ ಕಳಿಸಿದಳು? ಆ ಅಂಗಳಕ್ಕೆ ಗುಬ್ಬಿ ಬರುತ್ತದೆ, ಇರುವೆ ಬರುತ್ತದೆ, ನಾಳೆ ಇನ್ನೊಬ್ಬ ಬಡವ ಬರುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ನಾಳೆಯ ಅಕ್ಕಿಯನ್ನು ಇಂದೇ ತಂದಿಟ್ಟುಕೊಂಡರೆ ನಾಳೆಯ ಕಾಯಕ ಸತ್ತುಹೋಗುತ್ತದೆ. ಲಕ್ಕಮ್ಮ ಅಕ್ಕಿ ಆಯುವುದನ್ನು ಬಿಡು ಎನ್ನಲಿಲ್ಲ. ಅದು ಅವರ ಬದುಕು. ಆಯುವ ಕೈಗೆ ಒಂದು ಮಿತಿಯನ್ನು ತೋರಿಸಿದಳು. ಕಾಡು ಪರಮಾತ್ಮನ ಮಹಾಮನೆಯ ಅಂಗಳ. ಅಲ್ಲಿ ಜೇನು, ನೆಲ್ಲಿ, ಬಿದಿರು, ಸೀಗೆ ಚೆಲ್ಲಿ ಬಿದ್ದಿವೆ. ಆಯುವವನೂ ಬೇಕು, ಲಕ್ಕಮ್ಮನೂ ಬೇಕು. ಒಬ್ಬರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಸಂಗತಿಗಳಿವೆ.

ಮೊದಲು ಬಿದಿರಿನ ಮಾತು. ಮೇದಾರ ಕೇತಯ್ಯ ಶರಣರು ಬಿದಿರು ತಂದು ಬುಟ್ಟಿ, ಮೊರ ಹೆಣೆದು ದಾಸೋಹ ನಡೆಸಿದವರು. ಅವರ ಕಾಯಕವನ್ನು ಮಾಡುತ್ತ ಬಂದ ಮೇದಾರ ಬಂಧುಗಳು ಇಂದಿಗೂ ನಮ್ಮ ಸಂತೆಗಳಲ್ಲಿ ಕುಳಿತಿರುತ್ತಾರೆ. ಸ್ವಾತಂತ್ರ್ಯದ ನಂತರ ಉತ್ತರ ಕನ್ನಡದ ಬಿದಿರು ಕಾಗದ ಮಾಡಲು ಹೋಗತೊಡಗಿತು. ಕಾರ್ಖಾನೆಗೆ ಟನ್ನು ಬಿದಿರು ಒಂದೂವರೆ ರೂಪಾಯಿಗೆ ಸಿಕ್ಕಿತ್ತು. ಅದೇ ಬಿದಿರಿಗೆ ಪೇಟೆಯಲ್ಲಿ ಮೇದಾರರು ಟನ್ನಿಗೆ ಸಾವಿರ ರೂಪಾಯಿಗೂ ಮೇಲೆ ಕೊಡುತ್ತಿದ್ದರು ಎಂದು ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಪುಕ್ಕಟೆಯಾಗಿ ಸಿಕ್ಕ ವಸ್ತುವನ್ನು ಯಾರು ಜೋಪಾನ ಮಾಡುತ್ತಾರೆ? ಒಂದು ಕಾಡು ತೀರಿದರೆ ಮುಂದಿನ ಕಾಡು ಎಂದು ಕೈ ಮುಂದೆ ಮುಂದೆ ಹೋಯಿತು.

1970ರ ದಶಕದಲ್ಲಿ ಬಿದಿರು ಯಾಕೆ ತೀರುತ್ತಿದೆ ಎಂದು ಅದೇ ಗಾಡ್ಗೀಳರು ಹಳ್ಳಿಗಳಿಗೆ ಹೋಗಿ ನೋಡಿದರು. ಬಿದಿರ ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಹೆಣೆದುಕೊಂಡು ಬೇಲಿಯಂತೆ ಇರುತ್ತವೆ. ಬಿದಿರು ಚೆನ್ನಾಗಿ ಬೆಳೆಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಆ ಮುಳ್ಳನ್ನು ಕಡಿಸಿ ತೆಗೆಯುತ್ತಿದ್ದರು. ಹಳ್ಳಿಯವರು ಹೇಳಿದರು: ಆ ಮುಳ್ಳೇ ಎಳೆಯ ಕಳಲೆಗೆ ಕಾವಲು, ಅದನ್ನು ತೆಗೆದರೆ ದನ, ಮುಳ್ಳುಹಂದಿ ಕಳಲೆಯನ್ನು ತಿಂದು ಮುಗಿಸುತ್ತವೆ. ಪರೀಕ್ಷೆ ಮಾಡಿ ನೋಡಿದರೆ ಹಳ್ಳಿಯವರ ಮಾತೇ ನಿಜವಾಯಿತು. ದಿನವೂ ಅದರಿಂದ ಉಣ್ಣುವವನಿಗೆ ತಿಳಿದ ಮರ್ಮ ಪುಸ್ತಕದಲ್ಲಿ ಇರಲಿಲ್ಲ.

ಎರಡನೆಯದು ಉಪ್ಪಾಗೆಯ ಕಥೆ. ಇದೂ ಶಿರಸಿ, ಸಿದ್ದಾಪುರ ಸೀಮೆಯದೇ. ಉಪ್ಪಾಗೆ ಮಳೆಗಾಲದಲ್ಲಿ ಹಣ್ಣಾಗುವ ಕಾಡುಮರ. ಸಿಪ್ಪೆಯನ್ನು ಒಣಗಿಸಿ ಹುಳಿಗೆ ಬಳಸುತ್ತಾರೆ. ಬೀಜದಿಂದ ತುಪ್ಪದಂಥ ಜಿಡ್ಡು ತೆಗೆಯುತ್ತಾರೆ. ಸಿಂಗಳೀಕಗಳಿಗೂ ಅದು ಆಹಾರ. ತಲತಲಾಂತರದಿಂದ ಬಿದ್ದ ಹಣ್ಣನ್ನು ಆಯ್ದುಕೊಂಡು ಜನ ಸುಖವಾಗಿದ್ದರು. 1990ರ ದಶಕದಲ್ಲಿ ಪರದೇಶದಲ್ಲಿ ಮೈಯ ಬೊಜ್ಜು ಕರಗಿಸುವ ಔಷಧಕ್ಕೆ ಈ ಸಿಪ್ಪೆ ಬೇಕಾಯಿತು; ಬೆಲೆ ಒಮ್ಮೆಲೇ ಏರಿತು. ಆಯುವ ಗುತ್ತಿಗೆ ಹರಾಜಿನಲ್ಲಿ ವ್ಯಾಪಾರಿಗಳ ಪಾಲಾಯಿತು. ಮರ ಯಾರದೂ ಅಲ್ಲ, ಹಣ್ಣು ಮೊದಲು ಕೈಹಾಕಿದವರದು. ನಾನು ಹಣ್ಣಾಗುವವರೆಗೆ ಕಾದರೆ ನೆರೆಯವನು ಕಾಯನ್ನೇ ಕೊಯ್ಯುತ್ತಾನೆ ಎಂಬ ಹೆದರಿಕೆಯಿಂದ ಎಲ್ಲರೂ ಹಸಿಗಾಯಿ ಕೊಯ್ದರು, ಟೊಂಗೆಗಳನ್ನೇ ಕಡಿದರು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಕಟ್ಟಿಗೆ ಉರಿಸಿದರು. ಮುಂದೆ ಬೆಲೆ ಇಳಿಯಿತು.

ಆ ಜನ ಕೆಟ್ಟವರಾಗಿದ್ದರೆ? ಇಲ್ಲ. ಅವರೇ ಹಿಂದೆ ಆ ಮರಗಳನ್ನು ಉಳಿಸಿದ್ದವರು. ಹಾಗಾದರೆ ತಪ್ಪಿದ್ದು ಎಲ್ಲಿ? ಕಾಡಿನ ವಸ್ತುವಿಗೆ ಬೆಲೆ ಬಂದರೆ ಕಾಡು ಉಳಿದೀತು ಎನ್ನುವವರಿದ್ದಾರೆ. ಬೆಲೆಯೊಂದೇ ಸಾಲದು ಎಂದು ಉಪ್ಪಾಗೆ ತೋರಿಸಿತು. ಬೆಲೆ ಬಂತು, ಇದು ನನ್ನದು, ನಾಳೆಯೂ ನನ್ನದು, ನನ್ನ ಮಕ್ಕಳದು ಎಂಬ ಭರವಸೆ ಬರಲಿಲ್ಲ. ಅಂಗಳಕ್ಕೆ ಆಯುವವರು ನೂರು ಜನ ಬಂದರು. ಲಕ್ಕಮ್ಮ ಒಬ್ಬಳೂ ಇರಲಿಲ್ಲ.

ಇನ್ನು ಲಕ್ಕಮ್ಮ ಇದ್ದ ಕಡೆಯ ಮಾತು. ನಾಲ್ಕಾರು ವರ್ಷಗಳ ಹಿಂದೆ ನಾವು ಮಲೆಯ ಮಾದಪ್ಪನ ದರ್ಶನಕ್ಕೆಂದು ಚಾಮರಾಜನಗರದ ಕಡೆ ಹೋದಾಗ ಬಿಳಿಗಿರಿರಂಗನ ಬೆಟ್ಟಕ್ಕೂ ಹೋಗಿಬಂದೆವು. ಅಲ್ಲಿ ಸೋಲಿಗರೆಂಬ ಕಾಡಿನ ಮಕ್ಕಳಿದ್ದಾರೆ. ಪೋಡು ಎಂಬ ಸಣ್ಣ ಹಟ್ಟಿಗಳಲ್ಲಿ ವಾಸ. ಹುಲಿಯನ್ನೂ ಹಳೆಯ ಸಂಪಿಗೆ ಮರವನ್ನೂ ಪೂಜಿಸುವ ಜನ. 1974ರಲ್ಲಿ ಆ ಕಾಡು ವನ್ಯಧಾಮವಾಯಿತು. ಬೇಟೆ ನಿಂತಿತು, ಕಾಡು ಸವರಿ ರಾಗಿ ಬಿತ್ತುವುದೂ ನಿಂತಿತು. ಉಳಿದದ್ದು ಜೇನು, ನೆಲ್ಲಿಕಾಯಿ, ಸೀಗೆ, ಮರದ ಪಾಚಿ. ಇವುಗಳನ್ನು ಆಯ್ದು ಸಹಕಾರ ಸಂಘಕ್ಕೆ ಕೊಟ್ಟು ಬದುಕುತ್ತಿದ್ದರು. ಅಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ವೈದ್ಯರಾದ ಡಾ. ಎಚ್. ಸುದರ್ಶನರ ಹೆಸರನ್ನು ನೀವು ಕೇಳಿರಬಹುದು. 1990ರ ದಶಕದಲ್ಲಿ ಜೇನನ್ನು ಸೋಸಿ ಶೀಷೆಗೆ ತುಂಬುವುದನ್ನೂ ನೆಲ್ಲಿಯಿಂದ ಉಪ್ಪಿನಕಾಯಿ ಮಾಡುವುದನ್ನೂ ಅಲ್ಲಿಯೇ ಆರಂಭಿಸಿದರು. ಕಾಡಿನಿಂದ ಬರುವ ರೂಪಾಯಿ ನಡುವಿನವರ ಪಾಲಾಗದೆ ಆಯ್ದವರ ಕೈಗೆ ಬಂದರೆ ಅವರೇ ಕಾಡನ್ನು ಕಾಯುತ್ತಾರೆ ಎಂಬ ವಿಚಾರ ಅದರ ಹಿಂದಿತ್ತು.

ಅಲ್ಲಿಯ ಒಬ್ಬ ವಯಸ್ಸಾದ ಸೋಲಿಗರನ್ನು ನಾವು ಮಾತನಾಡಿಸಿದೆವು. ಹೆಜ್ಜೇನು ಕೀಳುವುದೆಂದರೆ ಮುಗಿಲೆತ್ತರದ ಮರ ಹತ್ತಬೇಕು, ಕತ್ತಲಲ್ಲಿ ಹತ್ತಬೇಕು. ಎಲ್ಲ ಹುಟ್ಟುಗಳನ್ನೂ ಕೊಯ್ಯುವುದಿಲ್ಲ, ಕೆಲವನ್ನು ಬಿಡುತ್ತಾರೆ. ಕೊಯ್ದದ್ದರಲ್ಲಿಯೂ ಒಂದಿಷ್ಟನ್ನು ನೆಲದ ಮೇಲೆ ಇಟ್ಟು ಬರುತ್ತಾರೆ. ಯಾರಿಗೆಂದು ಕೇಳಿದೆವು. "ಹುಲಿಗೆ ಬುದ್ಧಿ. ಪಾಪ, ಅದಕ್ಕೆ ಇಷ್ಟೆತ್ತರ ಮರ ಹತ್ತೋಕಾಗಲ್ಲವಲ್ಲ" ಎಂದರು. ಹುಲಿ ಜೇನು ತಿನ್ನುವುದೋ ಬಿಡುವುದೋ, ಅದು ಮುಖ್ಯವಲ್ಲ. ತಾನು ದುಡಿದದ್ದರಲ್ಲಿ ಇನ್ನೊಂದು ಜೀವಕ್ಕೆ ಪಾಲು ಎತ್ತಿಡದೆ ಬೆಟ್ಟ ಇಳಿಯಬಾರದು ಎಂಬ ನೇಮವನ್ನು ಆ ಜನಕ್ಕೆ ಯಾವ ಮಠ ಕಲಿಸಿತು? ನಾವು ದಾಸೋಹವೆನ್ನುವುದು ಇದನ್ನಲ್ಲದೆ ಮತ್ತೇನು? ನೆಲ್ಲಿಯಲ್ಲಿಯೂ ಹಾಗೆಯೇ. ಕಡವೆಗೆ, ಜಿಂಕೆಗೆ, ಬೀಜಕ್ಕೆ ಎಂದು ಮರದಲ್ಲಿ ಕಾಯಿ ಬಿಟ್ಟೇ ಇಳಿಯುತ್ತಾರೆ.

ಹೀಗಿರುವಾಗ ದೇಶದ ವನ್ಯಜೀವಿ ಕಾಯದೆಯನ್ನು ತಿದ್ದಲಾಯಿತು. ಅದರಂತೆ 2006ರಲ್ಲಿ ಬಿಳಿಗಿರಿಯ ಕಾಡಿನಿಂದ ಜೇನು, ನೆಲ್ಲಿ ಆಯ್ದು ಮಾರುವುದು ನಿಷಿದ್ಧವಾಯಿತು. ಕಾಯದೆ ಮಾಡಿದವರ ಉದ್ದೇಶ ಪ್ರಾಣಿಗಳ ಹಿತವೇ. ಆದರೆ ಏನಾಯಿತು? ವರಮಾನದ ದೊಡ್ಡ ಪಾಲು ಒಂದೇ ಏಟಿಗೆ ಹೋಯಿತು. ಕಾಡಿನಲ್ಲಿ ಒಡೆಯರಂತೆ ತಿರುಗುತ್ತಿದ್ದವರು ಕಾಫಿ ತೋಟಗಳಲ್ಲಿ ದಿನಗೂಲಿಯಾದರು. ಕಾಡಿಗೆ ಹೋಗಿಬರುವವರು ಕಡಿಮೆಯಾದರೆ ಬೆಂಕಿ ಬಿದ್ದದ್ದನ್ನು ಮೊದಲು ನೋಡುವವರು ಯಾರು? ಹೊರಗಿನ ಕಳ್ಳನನ್ನು ಗುರುತಿಸುವವರು ಯಾರು?

ಇನ್ನೊಂದನ್ನೂ ಆ ಹಿರಿಯರು ಹೇಳಿದರು. ಹಿಂದೆ ವರ್ಷದ ಆರಂಭದಲ್ಲಿ ಅವರು ನೆಲದ ತರಗಿಗೆ ಸಣ್ಣ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಎಂದು ಅದಕ್ಕೆ ಹೆಸರು. ಅದು ನಿಂತ ಮೇಲೆ ಲಂಟಾನದ ಮುಳ್ಳುಪೊದೆ ಆಳೆತ್ತರ ಹಬ್ಬಿತು, ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿ ಒಣಗಿದವು ಎಂಬುದು ಅವರ ಅನುಭವ. ಇದರ ವಿಷಯದಲ್ಲಿ ಬಲ್ಲವರಲ್ಲಿ ಚರ್ಚೆ ಇದೆ. ನಾವು ತೀರ್ಪು ಹೇಳುವುದಿಲ್ಲ. ಆದರೆ ಬಿದಿರಿನ ಮುಳ್ಳಿನ ಪ್ರಸಂಗವನ್ನು ನೆನಪಿಟ್ಟವರು ಕಾಡಿನವರ ಮಾತನ್ನು ಹಗುರವಾಗಿ ತಳ್ಳಿಹಾಕಲಾರರು.

ಸಮಾಧಾನದ ಸಂಗತಿಯೂ ಇದೆ. 2006ರಲ್ಲಿಯೇ ಪಾರ್ಲಿಮೆಂಟು ಅರಣ್ಯ ಹಕ್ಕು ಕಾಯದೆಯನ್ನು ಮಾಡಿತು. ಅದರ ಪ್ರಕಾರ 2011ರಲ್ಲಿ ಬಿಳಿಗಿರಿಯ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಜೇನು ಕೀಳುವ, ನೆಲ್ಲಿ ಆಯುವ, ಕಾಡನ್ನು ಕಾಯುವ ಹಕ್ಕು ಅವರದಾಯಿತು. ಅದೇ ವರ್ಷ ಜನವರಿಯಲ್ಲಿ ಅದೇ ಕಾಡನ್ನು ಹುಲಿ ಸಂರಕ್ಷಿತ ಪ್ರದೇಶವೆಂದೂ ಸಾರಿದ್ದರು. ಸೋಲಿಗರು ತಲೆತಲಾಂತರದಿಂದ ಉಂಡ ಕಾಡಿನಲ್ಲಿ ಹುಲಿ ಉಳಿದಿರದಿದ್ದರೆ ಅದನ್ನು ಹುಲಿಯ ಕಾಡೆಂದು ಸಾರುವ ಪ್ರಸಂಗವೇ ಬರುತ್ತಿರಲಿಲ್ಲ. ನಮ್ಮ ಹಿರಿಯ ರೈತರ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿದೆ.

ಆದರೆ ಬಂಧುಗಳೆ, ಇದರ ಮಗ್ಗುಲಿನ ಬೆಟ್ಟದಲ್ಲಿ ನಡೆದದ್ದನ್ನೂ ಹೇಳಬೇಕು. ಹೇಳುವಾಗ ನಮ್ಮ ಕಂಠ ಬಿಗಿಯುತ್ತದೆ. ಮಾದಪ್ಪ ಹುಲಿವಾಹನ. ಹುಲಿಯ ಬೆನ್ನೇರಿ ಏಳುಮಲೆಯನ್ನು ತಿರುಗಿದ ಶರಣ. ಅದೇ ಮಾದಪ್ಪನ ಬೆಟ್ಟದ ಕಾಡಿನಲ್ಲಿ 2025ರ ಜೂನ್ 26ರಂದು ಒಂದು ತಾಯಿಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರು. ಅದನ್ನು ತಿಂದು ಐದು ಜೀವಗಳು ಹೋದವು.

ಮಾಡಿದ್ದು ಘೋರ ಪಾಪ, ಅದಕ್ಕೆ ಕಾನೂನಿನ ಶಿಕ್ಷೆ ಇದೆ. ಆ ಮಾತಿನಲ್ಲಿ ನಮಗೆ ಸಂದೇಹವಿಲ್ಲ. ಆದರೆ ಅಷ್ಟನ್ನೇ ಹೇಳಿ ಕೈತೊಳೆದುಕೊಂಡರೆ ನಾವು ಧರ್ಮ ಹೇಳಿದಂತಾಗಲಿಲ್ಲ. ದನ ಕಟ್ಟಿದವರ ಮನಸ್ಸನ್ನು ನಿಮ್ಮಂಥ ಒಕ್ಕಲಿಗರು ಬಲ್ಲಿರಿ. ಹುಲಿ ಬದುಕಿದರೆ ಪಟ್ಟಣದವರು ಬಂದು ನೋಡಿ ಆನಂದಪಡುತ್ತಾರೆ, ವಸತಿಗೃಹದವರಿಗೆ ಹಣ ಬರುತ್ತದೆ, ದೇಶಕ್ಕೆ ಕೀರ್ತಿ ಬರುತ್ತದೆ. ಕಾಡಂಚಿನ ಕೊಟ್ಟಿಗೆಗೆ ಏನು ಬರುತ್ತದೆ? ಹಾಲು ಕೊಡುವ ಆಕಳು ಹೋಗುತ್ತದೆ. ಒಂದು ಮಗ್ಗುಲಲ್ಲಿ ಹುಲಿಗೆ ಜೇನಿನ ಪಾಲು ಇಡುವ ಮನುಷ್ಯ. ಇನ್ನೊಂದು ಮಗ್ಗುಲಲ್ಲಿ ಹುಲಿಗೆ ವಿಷ ಇಡುವ ಮನುಷ್ಯ. ಹುಟ್ಟುವಾಗ ಇಬ್ಬರೂ ಒಂದೇ. ಒಬ್ಬನಿಗೆ ಕಾಡು ಅನ್ನದ ತಟ್ಟೆಯಾಯಿತು, ಇನ್ನೊಬ್ಬನಿಗೆ ಬರಿಯ ಭಯವಾಯಿತು. ಕಾಡಿನಿಂದ ಬರುವ ಲಾಭದಲ್ಲಿ ಒಂದು ಪಾಲು ಹಾನಿ ಉಂಡವನ ಮನೆಗೆ ತಪ್ಪದೆ, ತಡವಾಗದೆ ತಲುಪಬೇಕು. ಅದು ಹುಲಿಯ ಆಯುಷ್ಯಕ್ಕೇ ಮಾಡಿದ ದಾಸೋಹ.

ಪರದೇಶಗಳಲ್ಲಿಯೂ ಈ ವಿಚಾರ ನಡೆದಿದೆ. ಬ್ರೆಜಿಲ್ ದೇಶದ ಅಮೆಜಾನ್ ಕಾಡಿನಲ್ಲಿ ರಬ್ಬರಿನ ಹಾಲು ತೆಗೆಯುವ ಬಡವರಿದ್ದಾರೆ. ತೊಗಟೆಗೆ ಸಣ್ಣ ಗೀರು ಹಾಕಿ ಹಾಲು ಹಿಡಿಯುತ್ತಾರೆ, ಆಕಳನ್ನು ಹಿಂಡಿದಂತೆ. ಆಕಳು ಸಾಯಬಾರದು, ಮರವೂ ಸಾಯಬಾರದು. ದನದ ಹುಲ್ಲುಗಾವಲಿಗಾಗಿ ಕಾಡು ಕಡಿಯುವ ಶ್ರೀಮಂತರಿಗೆ ಅವರು ಅಡ್ಡ ನಿಂತರು. ಅವರ ಮುಖಂಡನಾದ ಶಿಕೊ ಮೆಂಡಿಸ್ ಎಂಬವನನ್ನು 1988ರ ಡಿಸೆಂಬರ್ 22ರಂದು ಗುಂಡಿಟ್ಟು ಕೊಂದರು. ಅವನು ಪ್ರಾಣ ಕೊಟ್ಟ ಮೇಲೆ, 1990ರಲ್ಲಿ, ಅಲ್ಲಿಯ ಸರಕಾರ ಆಯ್ದು ಬದುಕುವವರಿಗಾಗಿಯೇ ಕಾಡುಗಳನ್ನು ಮೀಸಲಿಟ್ಟಿತು. ಒಂದಕ್ಕೆ ಅವನ ಹೆಸರೇ ಇದೆ. ಆಫ್ರಿಕದ ಜಿಂಬಾಬ್ವೆಯಲ್ಲಿ 1989ರಿಂದ ಬೇರೊಂದು ದಾರಿ ಹಿಡಿದರು. ಶ್ರೀಮಂತರು ಬಂದು ಆನೆ ಬೇಟೆಯಾಡುತ್ತಾರೆ, ಅವರು ಕೊಟ್ಟ ಹಣದಲ್ಲಿ ಹಳ್ಳಿಗಳಿಗೆ ಪಾಲು. ಜೀವ ತೆಗೆದು ಜೀವ ಕಾಯುವ ಆ ದಾರಿಯನ್ನು ಲಿಂಗವನ್ನು ಎದೆಯ ಮೇಲೆ ಧರಿಸಿದ ನಾವು ಒಪ್ಪಲಾರೆವು. 1972ರ ನಮ್ಮ ಕಾಯದೆಯೂ ಒಪ್ಪುವುದಿಲ್ಲ. ಆದರೂ ಆನೆಯ ಕಾಟ ಉಂಡವನಿಗೆ ಆನೆಯಿಂದ ಬಂದ ಹಣದಲ್ಲಿ ಪಾಲಿರಬೇಕೆಂಬ ನ್ಯಾಯವನ್ನು ನಾವು ಅಲ್ಲಗಳೆಯುವಂತಿಲ್ಲ.

ಇಷ್ಟೆಲ್ಲ ಊರವರ ತಪ್ಪು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಇಲ್ಲದಿದ್ದರೆ ಈ ಪೀಠದಲ್ಲಿ ಕೂಡುವ ಯೋಗ್ಯತೆ ನಮಗಿಲ್ಲ.

ಹಲವು ವರ್ಷಗಳ ಹಿಂದೆ ನಮ್ಮ ಮಠದ ಜಾತ್ರೆಗೆ ಪಂಚಾಮೃತಕ್ಕೆಂದು ಜೇನು ಬೇಕಾಗಿತ್ತು. ಗುಡ್ಡದ ಕಡೆಯಿಂದ ಒಬ್ಬ ಜೇನು ಹೊತ್ತು ತರುತ್ತಿದ್ದ. ಅವನು ಹೇಳಿದ ಬೆಲೆ ಹೆಚ್ಚೆನಿಸಿತು. "ಮಠಕ್ಕ ಕೊಡಾಕತ್ತೀದಿ ತಮ್ಮಾ, ಪುಣ್ಯಾ ಬರತೈತಿ" ಎಂದು ನಾವೇ ಚೌಕಾಸಿ ಮಾಡಿ ಅರ್ಧಕ್ಕೆ ಇಳಿಸಿದೆವು. ಅವನು ಕೊಟ್ಟ. ಹೋಗುವಾಗ ಕೈಮುಗಿದು ಒಂದು ಮಾತು ಹೇಳಿದ: "ಅಪ್ಪಾರ, ನಾವು ತುಪ್ಪ ತುಂಬಿದಷ್ಟ ಹುಟ್ಟ ಕೊಯ್ಯತೀವ್ರಿ, ಮರಿ ಇದ್ದದ್ದು ಬಿಡತೀವಿ. ಈ ರೇಟಿಗೆ ಮನಿ ನಡೀಬೇಕಂದ್ರ ಮರೀನೂ ಕೂಡೆ ಹಿಂಡಬೇಕಾಗತೈತ್ರಿ." ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಮುಂದಿನ ವರ್ಷ ಅವನು ಬರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ.

ಆ ಜೇನಿನಿಂದ ನಾವು ಲಿಂಗಕ್ಕೆ ಅಭಿಷೇಕ ಮಾಡಿದೆವು. ಬೆಲೆಯಲ್ಲಿ ಉಳಿದ ದುಡ್ಡು ನಿಜವಾಗಿ ಯಾರ ಗಂಟಿನಿಂದ ಬಂತು? ಹುಟ್ಟಿನಲ್ಲಿ ಇನ್ನೂ ರೆಕ್ಕೆ ಮೂಡದ ಆ ಮರಿಗಳ ಗಂಟಿನಿಂದ. ಕಾಡನ್ನು ಕಡಿಯುವವನ ಕೊಡಲಿಯನ್ನು ನಾವು ನೋಡುತ್ತೇವೆ. ಸಂತೆಯಲ್ಲಿ ಚೌಕಾಸಿ ಮಾಡುವ ನಮ್ಮ ನಾಲಿಗೆಯೂ ಒಂದು ಕೊಡಲಿ ಎಂಬುದನ್ನು ಆ ಬಡವ ನಮಗೆ ತಿಳಿಸಿದ. ಆಯುವವನ ಕೈಗೆ ಮಿತಿ ಇರಬೇಕಾದರೆ ಕೊಳ್ಳುವವನ ಬಾಯಿಗೂ ಮಿತಿ ಇರಬೇಕು.

ಅದಕ್ಕಾಗಿ ಇಂದು ನಿಮ್ಮೆದುರಿಗೆ ಮಠದ ಪರವಾಗಿ ಒಂದು ನೇಮ ಮಾಡುತ್ತೇವೆ. ಇನ್ನು ಮುಂದೆ ನಮ್ಮ ಮಠಕ್ಕೆ ಬೇಕಾದ ಜೇನು, ಸೀಗೆ, ನೆಲ್ಲಿಯನ್ನು ಕಾಡಿನವರ ಸಹಕಾರ ಸಂಘದಿಂದ, ಅವರು ಹೇಳಿದ ಬೆಲೆಗೆ ತರಿಸುತ್ತೇವೆ. ದಾಸೋಹದ ಮನೆಯಲ್ಲಿ ಪ್ಲಾಸ್ಟಿಕ್ ಬುಟ್ಟಿಗಳನ್ನು ತೆಗೆದು ಮೇದಾರ ಬಂಧುಗಳು ಹೆಣೆದ ಬುಟ್ಟಿಗಳನ್ನು ಇಡುತ್ತೇವೆ. ಅಲ್ಲಿಯೂ ಚೌಕಾಸಿ ಇಲ್ಲ.

ನಿಮ್ಮಿಂದ ನಾವು ಕೇಳುವುದು ಹೆಚ್ಚೇನಲ್ಲ. ನಮ್ಮ ಗೋಕಾಕದ ಗುಡ್ಡಗಳಲ್ಲಿ ಕವಳಿಹಣ್ಣು ಇದೆ, ಬಾರಿಹಣ್ಣು ಇದೆ, ಸೀತಾಫಲ ಇದೆ. ಬಡ ತಾಯಂದಿರು ಬುಟ್ಟಿಯಲ್ಲಿ ತಂದು ಮಾರುತ್ತಾರೆ. ಅವರ ಹತ್ತಿರ ಎರಡು ರೂಪಾಯಿಗೆ ಜಗಳ ಮಾಡಬೇಡಿರಿ. ಹುಡುಗರು ಗುಡ್ಡಕ್ಕೆ ಹೋದರೆ ಟೊಂಗೆ ಮುರಿಯದೆ ಹಣ್ಣು ಬಿಡಿಸಲು ಕಲಿಸಿರಿ. ತುದಿಯ ಹಣ್ಣು ಹಕ್ಕಿಯದು ಎಂದು ಹೇಳಿಕೊಡಿರಿ. ಧೂಪದಾಳದ ಒಡ್ಡಿನ ಹಿನ್ನೀರಿಗೆ ಸಾವಿರಾರು ಹಕ್ಕಿಗಳು ಬರುತ್ತವೆ. 1974ರಿಂದ ಅದು ಪಕ್ಷಿಧಾಮ. ನಿಮ್ಮ ಕಾಲುವೆಯ ನೀರೂ ಆ ಹಕ್ಕಿಗಳ ನೀರೂ ಒಂದೇ. ಒಂದೇ ತಟ್ಟೆಯಲ್ಲಿ ಉಣ್ಣುವವರು ನೆಂಟರಾಗುತ್ತಾರೆ. ಮುಂದಿನ ಮಾಘದಲ್ಲಿ ಉಳವಿಗೆ ಹೋದಾಗ ದಾರಿಯ ಕಾಡಿನಲ್ಲಿ ಒಂದು ಗಳಿಗೆ ಚಕ್ಕಡಿ ನಿಲ್ಲಿಸಿ, ಶರಣರನ್ನು ಕಾಪಾಡಿದ ಆ ಮರಗಳಿಗೆ ಕೈಮುಗಿದು ಮುಂದೆ ಹೋಗಿರಿ.

ನಿನ್ನೆ ಪ್ರಶ್ನೆ ಕೇಳಿದ ಹಿರಿಯರು ಇಲ್ಲಿಯೇ ಮುಂದೆ ಕುಳಿತಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೆ: ಕಾಡನ್ನು ಮುಟ್ಟಬಹುದು, ಯಜಮಾನರೆ. ತಾಯಿಯ ಮೊಲೆಯನ್ನು ಕೂಸು ಮುಟ್ಟುತ್ತದಲ್ಲ, ಹಾಗೆ ಮುಟ್ಟಬೇಕು. ಕೂಸು ಹಾಲು ಕುಡಿದರೆ ತಾಯಿಗೆ ಹಾಲು ಬತ್ತುವುದಿಲ್ಲ, ಇನ್ನಷ್ಟು ತೊರೆಬಿಡುತ್ತದೆ. ಹಲ್ಲು ಬಂದ ಮೇಲೆ ಕಚ್ಚಿದರೆ ತಾಯಿ ದೂರ ಸರಿಸುತ್ತಾಳೆ. ನಮಗೆ ಹಲ್ಲು ಬಂದು ಬಹಳ ಕಾಲವಾಗಿದೆ. ಕಚ್ಚದಿರುವುದನ್ನು ಈಗ ಕಲಿಯಬೇಕಾಗಿದೆ.

ಉಣ್ಣುವ ಕೈಗೆ ಮಿತಿಯನ್ನು, ಕಾಯುವ ಕೈಗೆ ಪಾಲನ್ನು, ಕೊಳ್ಳುವ ಕೈಗೆ ಕರುಣೆಯನ್ನು ಗುರುಬಸವಣ್ಣನು ದಯಪಾಲಿಸಲಿ. ಮಳೆ ಬೆಳೆ ಚೆನ್ನಾಗಲಿ, ಅಡವಿ ಊರು ಎರಡೂ ನೆಮ್ಮದಿಯಿಂದ ಇರಲಿ, ನಿಮ್ಮೆಲ್ಲರಿಗೂ ಶುಭವಾಗಲಿ ಎಂದು ಹಾರೈಸಿ ನಮ್ಮ ಮಾತಿಗೆ ಮಂಗಲ ಹೇಳುತ್ತೇವೆ.